ಮೊದಲು ದಾರಿಯನ್ನು ಅಳೆಯಿರಿ

ಊರಿಗೆ ಹೋಗಿ ಬರುವ ನಮ್ಮ ಬಂಧುಗಳಲ್ಲಿ ಈಚೆಗೆ ಒಂದು ಹೊಸ ಆಸೆ ಹಬ್ಬುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಹಿಂದೆ ಮುಂಬಯಿಯ ಹೊಟೇಲಿನಲ್ಲಿ ಹತ್ತು ವರ್ಷ ದುಡಿದವನು ಊರಿನ ಮನೆಯ ಮಾಡಿಗೆ ಹಂಚು ಹೊದಿಸಿದರೆ, ತಂಗಿಯ ಮದುವೆಯನ್ನು ನೆರವೇರಿಸಿದರೆ ತಾನು ಕೃತಾರ್ಥನೆಂದು ತಿಳಿಯುತ್ತಿದ್ದನು. ಇಂದು ಅವುಗಳ ಜತೆಗೆ ನಾಲ್ಕು ಚಕ್ರಗಳಿಗೂ ಎಳೆತವಿರುವ ಒಂದು ಚಿಕ್ಕ ಗಾಡಿಯೂ ಬೇಕೆನಿಸಿದೆ. ಕೈಗೆ ಬಂದುದು ಕೆಲವರಿಗೆ ಹಳೆಯ ಜಿಪ್ಸಿ, ಕೆಲವರಿಗೆ ಸಾಲದಲ್ಲಿ ಕೊಂಡ ಹೊಸ ಜಿಮ್ನಿ. ಘಟ್ಟದ ಬುಡದಲ್ಲಿ, ತೋಟದ ನಡುವೆ, ಡಾಂಬರು ರಸ್ತೆಯಿಂದ ಒಂದೆರಡು ಕಿಲೋಮೀಟರು ಒಳಗೆ ಮನೆಯಿರುವವನಿಗೆ ಈ ಆಸೆ ಅತಿಯಾದುದೆಂದು ನಾವು ಹೇಳಲಾರೆವು. ಮಳೆಗಾಲದ ರಾತ್ರಿಯಲ್ಲಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಆಟೋರಿಕ್ಷಾ ಬಾರದ ಊರುಗಳು ನಮ್ಮಲ್ಲಿ ಇನ್ನೂ ಇವೆ.

ನಾವು ಆಕ್ಷೇಪಿಸುವುದು ಗಾಡಿಯನ್ನು ಕೊಂಡ ಮರುದಿನ ನಡೆಯುವ ಕೆಲಸವನ್ನು. ಗಾಡಿ ಗ್ಯಾರೇಜಿಗೆ ಹೋಗುತ್ತದೆ. ಅದನ್ನು ಎಷ್ಟು ಅಂಗುಲ ಎತ್ತಬೇಕು, ಎಷ್ಟು ದೊಡ್ಡ ಟಯರು ಹಾಕಬೇಕು ಎಂಬ ಚರ್ಚೆ ಆರಂಭವಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಈ ಎರಡು ಅಂಕೆಗಳನ್ನು ನಿಶ್ಚಯಿಸುವುದು ಗಾಡಿ ಓಡಬೇಕಾದ ದಾರಿಯಲ್ಲ. ಯಾರೋ ತೋರಿಸಿದ ಒಂದು ಫೋಟೋ.

ನಮಗೆ ಪರಿಚಿತರಾದ ಮಿತ್ರರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಅವರು ಉಪನಗರದ ಹೊಟೇಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವವರು. ಊರು ಕೊಲ್ಲೂರಿನ ಕಡೆ ಘಟ್ಟದ ಬುಡ. ಮೊಣಕಾಲು ನೋವಿನ ವೃದ್ಧ ತಾಯಿಯನ್ನು ಆಸ್ಪತ್ರೆಗೂ ದೇವಸ್ಥಾನಕ್ಕೂ ಕರೆದೊಯ್ಯಬೇಕೆಂಬ ಒಂದೇ ಉದ್ದೇಶದಿಂದ ವರ್ಷಾನುವರ್ಷದ ಉಳಿತಾಯವನ್ನು ಹಾಕಿ ಹಳೆಯ ಜಿಪ್ಸಿಯೊಂದನ್ನು ಕೊಂಡರು. ಗ್ಯಾರೇಜಿನವರ ಮಾತಿಗೆ ಮರುಳಾಗಿ ಅದನ್ನು 3 ಅಂಗುಲ ಎತ್ತಿಸಿ, 31 ಅಂಗುಲದ ಟಯರುಗಳನ್ನು ಹಾಕಿಸಿದರು. ಊರು ಮುಟ್ಟುವ ಹೊತ್ತಿಗೆ ಘಟ್ಟದ ಏರಿನಲ್ಲಿ ಮೇಲಿನ ಗಿಯರು ಎಳೆಯದಾಯಿತು. ಇಳುಕಲಿನಲ್ಲಿ ಬ್ರೇಕನ್ನು ಮೊದಲಿಗಿಂತ ಬಲವಾಗಿ ಒತ್ತಬೇಕಾಯಿತು. ಸ್ಟಿಯರಿಂಗು ಕೈಯಲ್ಲಿ ಗಡಗಡನೆ ನಡುಗತೊಡಗಿತು. ಇಷ್ಟನ್ನೂ ಅವರು ಸಹಿಸಿದರು. ಆದರೆ ಅಂಗಳದಲ್ಲಿ ಗಾಡಿ ನಿಂತಾಗ ತಾಯಿ ಹೊರಗೆ ಬಂದು ನೋಡಿ, “ಇದರ ಮೇಲೆ ನಾನು ಹತ್ತುವುದು ಹೇಗೆ ಮಗಾ?” ಎಂದು ಕೇಳಿದರಂತೆ. ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಯಾರಿಗಾಗಿ ಗಾಡಿ ಬಂದಿತೋ ಅವರೇ ಅದನ್ನು ಹತ್ತಲಾರದೆ ಹೋದರು.

ಈ ಮಿತ್ರರು ದಡ್ಡರಲ್ಲ. ಗಲ್ಲಾದ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯಬಲ್ಲವರು. ಟಯರಿನ ಲೆಕ್ಕವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಅಷ್ಟೆ. ಅದು ಹೊಟೇಲಿನ ಬಿಲ್ಲಿಗಿಂತ ಕಠಿಣವಾದುದಲ್ಲವಾದುದರಿಂದ ಇಲ್ಲಿ ಬಿಡಿಸಿ ಇಡುತ್ತೇವೆ.

ಜಿಮ್ನಿಯ ಟಯರಿನ ಮಗ್ಗುಲಲ್ಲಿ 195/80 R 15 ಎಂದು ಬರೆದಿರುತ್ತದೆ. 195 ಎಂಬುದು ಮಿಲಿಮೀಟರುಗಳಲ್ಲಿ ಟಯರಿನ ಅಗಲ. 80 ಎಂದರೆ ಟಯರಿನ ಮಗ್ಗುಲಿನ ಎತ್ತರ ಆ ಅಗಲದ ನೂರಕ್ಕೆ 80, ಅಂದರೆ 156 ಮಿಲಿಮೀಟರು. 15 ಎಂಬುದು ಒಳಗಿನ ಕಬ್ಬಿಣದ ರಿಮ್ಮಿನ ಅಡ್ಡಳತೆ, ಅಂಗುಲಗಳಲ್ಲಿ. ಅದು 381 ಮಿಲಿಮೀಟರು. ಮೇಲೊಂದು ಕೆಳಗೊಂದು ಮಗ್ಗುಲು ಸೇರಿಸಿದರೆ ಚಕ್ರದ ಒಟ್ಟು ಎತ್ತರ 693 ಮಿಲಿಮೀಟರು ಆಗುತ್ತದೆ. ಇದೇ ರೀತಿಯಲ್ಲಿ ಎಣಿಸಿದರೆ 215/75 R 15 ಟಯರಿನ ಎತ್ತರ ಸುಮಾರು 703. 235/75 R 15 ಟಯರಿನದು ಸುಮಾರು 733. ನಮ್ಮ ಮಿತ್ರರ ಜಿಪ್ಸಿಯಲ್ಲಿ ಮೊದಲಿದ್ದ 205/70 R 15 ಟಯರಿನದು 668. ಆಮೇಲೆ ಹಾಕಿಸಿದ 31 ಅಂಗುಲದ್ದು 787.

ಇನ್ನು ಮುಖ್ಯವಾದ ಮಾತು. ಜಿಪ್ಸಿಯಲ್ಲಿಯೂ ಜಿಮ್ನಿಯಲ್ಲಿಯೂ ಎರಡು ಚಕ್ರಗಳ ನಡುವೆ ಒಂದೇ ಗಟ್ಟಿಯಾದ ಅಚ್ಚು ಇರುತ್ತದೆ. ಅಚ್ಚಿನ ನಡುವೆ ಗಿಯರುಗಳನ್ನು ಅಡಗಿಸಿದ ಕುಂಬಳಕಾಯಿಯಂತಹ ಉಬ್ಬೊಂದಿದೆ. ಕಲ್ಲು ಮೊದಲು ಬಡಿಯುವುದು ಅದಕ್ಕೆ. ಜಿಮ್ನಿಯು ನೆಲದಿಂದ 210 ಮಿಲಿಮೀಟರು ಎತ್ತರದಲ್ಲಿದೆ ಎನ್ನುವುದು ಈ ಕೆಳಗಿನ ಭಾಗದ ಲೆಕ್ಕ. ಉದ್ದವಾದ ಸ್ಪ್ರಿಂಗು ಹಾಕಿ ಗಾಡಿಯನ್ನು ಲಿಫ್ಟ್ ಮಾಡಿಸಿದಾಗ ಮೇಲೇರುವುದು ಒಡಲು ಮಾತ್ರ. ಅಚ್ಚು ಇದ್ದಲ್ಲಿಯೇ ಇರುತ್ತದೆ. 2 ಅಂಗುಲ ಎತ್ತಿಸಿರಿ, 6 ಅಂಗುಲ ಎತ್ತಿಸಿರಿ, ಆ ಉಬ್ಬು ಒಂದು ಕೂದಲಿನಷ್ಟೂ ಏರುವುದಿಲ್ಲ. ಅದನ್ನು ಏರಿಸುವ ಉಪಾಯ ದೊಡ್ಡ ಟಯರೇ. ಅದೂ ಟಯರು ಬೆಳೆದುದರ ಅರ್ಧದಷ್ಟು ಮಾತ್ರ, ಏಕೆಂದರೆ ಅಚ್ಚು ಇರುವುದು ಚಕ್ರದ ನಡುವೆ. ಜಿಮ್ನಿಗೆ 215/75 ಹಾಕಿದರೆ ದೊರೆಯುವುದು 5 ಮಿಲಿಮೀಟರು. 235/75 ಹಾಕಿದರೆ 20 ಮಿಲಿಮೀಟರು. ಎರಡನೆಯದು ಹೆಚ್ಚುಕಡಿಮೆ ಒಂದು ಬೆರಳಿನ ದಪ್ಪ. ಇಷ್ಟೇ ನಮ್ಮ ಲಾಭ.

ಹಾಗಾದರೆ ಲಿಫ್ಟಿನ ಪ್ರಯೋಜನವೇನು? ಅದು ಕೇವಲ ಆಡಂಬರವೆಂದು ನಾವು ಹೇಳುವುದಿಲ್ಲ. ಅದಕ್ಕೆ ಎರಡು ನಿಜವಾದ ಉಪಯೋಗಗಳಿವೆ. ದೊಡ್ಡ ಟಯರು ತಿರುವಿನಲ್ಲಿ ಒಳಗಿನ ತಗಡಿಗೆ ಉಜ್ಜದಂತೆ ಸ್ಥಳ ಮಾಡಿಕೊಡುವುದು ಒಂದು. ದಿಬ್ಬದ ನೆತ್ತಿಯಲ್ಲಿ ಗಾಡಿಯ ಹೊಟ್ಟೆಯೂ, ತೋಡಿನ ದಡದಲ್ಲಿ ಅದರ ಮೂತಿಯೂ ತಾಗದಂತೆ ಮಾಡುವುದು ಇನ್ನೊಂದು. 2023ರ ಜೂನ್ ತಿಂಗಳಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಐದು ಬಾಗಿಲುಗಳ ಜಿಮ್ನಿಯಲ್ಲಿ ಮುಂದಿನ ಕೋನ 36 ಡಿಗ್ರಿ, ಹಿಂದಿನದು 50 ಡಿಗ್ರಿ, ಹೊಟ್ಟೆಯ ಕೋನ 24 ಡಿಗ್ರಿ. ಮುಂದಿನ ಹಿಂದಿನ ಚಕ್ರಗಳ ಅಂತರ 2590 ಮಿಲಿಮೀಟರಿನಷ್ಟು ಉದ್ದವಾದುದರಿಂದ ಹೊಟ್ಟೆಯ ಕೋನವೇ ದುರ್ಬಲವಾದುದು. ದಿಬ್ಬದ ಮೇಲೆ ನಿಮ್ಮ ಗಾಡಿಯ ಹೊಟ್ಟೆ ನಿಜವಾಗಿಯೂ ಕೂರುತ್ತಿದ್ದರೆ ಲಿಫ್ಟಿನ ವಿಚಾರ ಮಾಡಬಹುದು. ಅಚ್ಚು ಕಲ್ಲಿಗೆ ಬಡಿಯುತ್ತಿದ್ದರೆ ಲಿಫ್ಟಿಗೆ ಹಾಕಿದ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

ಲಾಭವನ್ನು ಹೇಳಿದೆವು, ನಷ್ಟವನ್ನೂ ಹೇಳಬೇಕು. ಚಕ್ರ ದೊಡ್ಡದಾದಷ್ಟೂ ಅದನ್ನು ತಿರುಗಿಸುವುದು ಇಂಜಿನಿಗೆ ಕಷ್ಟ. ನಮ್ಮ ಮಿತ್ರರ ಜಿಪ್ಸಿಯ ಚಕ್ರ ನೂರಕ್ಕೆ 18ರಷ್ಟು ಬೆಳೆಯಿತು. ನೆಲಕ್ಕೆ ಮುಟ್ಟುವ ಎಳೆತ ಸುಮಾರು ನೂರಕ್ಕೆ 15ರಷ್ಟು ಇಳಿಯಿತು. ಚಿಕ್ಕ ಇಂಜಿನಿನ ಗಾಡಿಗೆ ಇದು ಸಣ್ಣ ಪೆಟ್ಟಲ್ಲ. ಮೀಟರು ಮೊದಲು ಸರಿಯಾಗಿತ್ತೆಂದು ಇಟ್ಟುಕೊಂಡರೆ, ಅದು 60 ಎಂದು ತೋರಿಸುವಾಗ ಗಾಡಿ 70ಕ್ಕೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಜಿಮ್ನಿಗೆ 235/75 ಹಾಕಿದಾಗಲೂ ನೂರಕ್ಕೆ ಸುಮಾರು 6ರಷ್ಟು ವ್ಯತ್ಯಾಸ ಬರುತ್ತದೆ. ಮೀಟರಿನಲ್ಲಿ 80 ಕಂಡಾಗ ನಿಜವಾದುದು ಸುಮಾರು 85. ಭಾರವಾದ ದೊಡ್ಡ ಚಕ್ರವನ್ನು ನಿಲ್ಲಿಸಲು ಅದೇ ಹಳೆಯ ಬ್ರೇಕು ಹೆಚ್ಚು ಶ್ರಮಪಡಬೇಕಾಗುತ್ತದೆ. ತೈಲವೂ ಹೆಚ್ಚು ಸುಡುತ್ತದೆ.

ಲಿಫ್ಟಿನ ನಷ್ಟ ಬೇರೆ ಬಗೆಯದು. ಗಾಡಿಯ ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಅದು ಉರುಳುವ ಭಯ ಹೆಚ್ಚು. ಜಿಪ್ಸಿ, ಜಿಮ್ನಿಗಳು ಹುಟ್ಟಿನಿಂದಲೇ ಅಗಲ ಕಡಿಮೆಯಾದ, ಎತ್ತರವಾದ ಗಾಡಿಗಳು. ಸೈಕಲ್ಲಿನ ಮುಂದಿನ ಕವಲು ಸ್ವಲ್ಪ ಓರೆಯಾಗಿರುವುದರಿಂದಲೇ ಚಕ್ರ ನೆಟ್ಟಗೆ ಓಡುತ್ತದೆ. ಮೋಟಾರುಗಾಡಿಯ ಮುಂದಿನ ಚಕ್ರಗಳಿಗೂ ಅಂತಹ ಒಂದು ಓರೆಯಿದೆ. ಎತ್ತಿದಾಗ ಅದು ಕೆಡುತ್ತದೆ, ಸರಿಪಡಿಸದಿದ್ದರೆ ಸ್ಟಿಯರಿಂಗು ನಡುಗುತ್ತದೆ. ಜಿಮ್ನಿಯಲ್ಲಿ ಅಚ್ಚನ್ನು ಅಡ್ಡಡ್ಡವಾಗಿ ಹಿಡಿದಿಡುವ ಸಲಾಕೆಯೊಂದಿದೆ. ಗಾಡಿ ಮೇಲೇರಿದಾಗ ಅದು ಅಚ್ಚನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ. ಬ್ರೇಕಿನ ರಬ್ಬರು ಕೊಳವೆ ಬಿಗಿಯಾಗುತ್ತದೆ. ಇಂಜಿನಿನ ಶಕ್ತಿಯನ್ನು ಅಚ್ಚಿಗೆ ಒಯ್ಯುವ ಶಾಫ್ಟು ಹೆಚ್ಚು ಕೋನದಲ್ಲಿ ತಿರುಗಿ ಬೇಗ ಸವೆಯುತ್ತದೆ. ಹೆಡ್‌ಲೈಟು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಇವೆಲ್ಲವನ್ನೂ ಸರಿಪಡಿಸುವ ಸಾಮಾನುಗಳಿವೆ, ನಿಜ. ಗ್ಯಾರೇಜಿನವನು ಮೊದಲು ಹೇಳುವ ಬೆಲೆಯಲ್ಲಿ ಅವು ಸೇರಿರುವುದು ಅಪರೂಪ. ಜಿಪ್ಸಿಯ ಪ್ಲೇಟು ಸ್ಪ್ರಿಂಗಿನ ತುದಿಗೆ ಉದ್ದನೆಯ ಶ್ಯಾಕಲ್ ಸಿಕ್ಕಿಸಿ ಅಗ್ಗದಲ್ಲಿ ಎತ್ತುವ ಪದ್ಧತಿಯೂ ಇದೆ. ಅದರಲ್ಲಿ 2 ಅಂಗುಲ ಉದ್ದ ಮಾಡಿದರೆ ಸಿಗುವುದು 1 ಅಂಗುಲದ ಎತ್ತರ. ಜತೆಗೆ ಮುಂದಿನ ಚಕ್ರಗಳ ಓರೆಯೂ ಬದಲಾಗುತ್ತದೆ.

ಆದುದರಿಂದ ನಮ್ಮ ಮತ ಇಷ್ಟು: ಟಯರನ್ನು ದಾರಿ ನಿಶ್ಚಯಿಸಬೇಕು; ಲಿಫ್ಟನ್ನು ಟಯರು ನಿಶ್ಚಯಿಸಬೇಕು. ಈ ಕ್ರಮ ತಲೆಕೆಳಗಾದಲ್ಲಿ ಹಣವೂ ಹೋಗುತ್ತದೆ, ಕೆಲವೊಮ್ಮೆ ಪ್ರಾಣವೂ ಹೋಗುತ್ತದೆ.

ದಾರಿಯನ್ನು ಅಳೆಯುವುದು ಹೇಗೆ? ಮುಂದಿನ ಸಲ ಊರಿಗೆ ಹೋದಾಗ ಬಡಗಿಯ ಟೇಪು ಹಿಡಿದು ಡಾಂಬರು ರಸ್ತೆಯಿಂದ ಮನೆಯವರೆಗೆ ನಡೆದು ನೋಡಿರಿ. ಎರಡು ಗಾಲಿಜಾಡುಗಳ ನಡುವೆ ಉಳಿದ ದಿಣ್ಣೆಯ ಎತ್ತರವೆಷ್ಟು? ತಪ್ಪಿಸಲಾಗದ ಅತಿ ದೊಡ್ಡ ಕಲ್ಲು ಎಷ್ಟು ಎತ್ತರ? ತೋಡಿನ ದಡ ಎಷ್ಟು ಕಡಿದು? ದಿಣ್ಣೆ 18 ಸೆಂಟಿಮೀಟರು ಇದ್ದಲ್ಲಿ 21 ಸೆಂಟಿಮೀಟರು ಎತ್ತರವಿರುವ ಗಾಡಿಗೆ ಯಾವ ಚಿಕಿತ್ಸೆಯೂ ಬೇಡ. 22 ಇದ್ದಲ್ಲಿ ಒಂದು ಚಕ್ರವನ್ನು ದಿಣ್ಣೆಯ ಮೇಲೆಯೇ ಓಡಿಸಬಹುದು. ಇಲ್ಲವೇ ಅಣ್ಣತಮ್ಮಂದಿರು ಸೇರಿ ಹಾರೆ ಪಿಕಾಸಿ ಹಿಡಿದು ಅರ್ಧ ದಿನದಲ್ಲಿ ದಿಣ್ಣೆಯನ್ನೇ ತಗ್ಗಿಸಬಹುದು. ಗಾಡಿಯನ್ನು ಒಂದು ಬೆರಳು ಎತ್ತುವ ವೆಚ್ಚಕ್ಕೆ ಹೋಲಿಸಿದರೆ ದಾರಿಯನ್ನು ಒಂದು ಗೇಣು ತಗ್ಗಿಸುವ ವೆಚ್ಚ ಏನೇನೂ ಅಲ್ಲ. ತುಂಬಿ ಹರಿಯುವ ತೋಡಿನ ವಿಷಯದಲ್ಲಿ ಮಾತ್ರ ಯಾವ ಟಯರನ್ನೂ ನಂಬಬಾರದು. ಹರಿಯುವ ನೀರು ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅಲ್ಲಿ ಹಿಂದಿರುಗುವುದೇ ಜಾಣತನ.

ಅಗಲವಾದ ಟಯರೇ ಕೆಸರಿಗೆ ಒಳ್ಳೆಯದೆಂಬ ಭ್ರಮೆಯೂ ನಮ್ಮವರಲ್ಲಿದೆ. ಸಮುದ್ರದ ದಂಡೆಯ ಮರಳಿನಲ್ಲಿ ಅದು ನಿಜ. ಅಗಲವಾದುದು ಮರಳಿನ ಮೇಲೆ ತೇಲುತ್ತದೆ. ಆದರೆ ಕರಾವಳಿಯ ಒಳನಾಡಿನಲ್ಲಿ ಕೆಂಪು ಕೆಸರಿನ ಅಡಿಯಲ್ಲಿ ಅನೇಕ ಕಡೆ ಗಟ್ಟಿಯಾದ ಮುರಕಲ್ಲು ಇರುತ್ತದೆ. ಅಲ್ಲಿ ಅಗಲ ಕಡಿಮೆಯಾದ ಟಯರು ಕೆಸರನ್ನು ಕತ್ತರಿಸಿ ಕಲ್ಲನ್ನು ಮುಟ್ಟಿ ಹಿಡಿತ ಪಡೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹೆಸರು ಗಳಿಸಿದ ವಿಲ್ಲಿಸ್ ಜೀಪಿನ ಟಯರು 6.00-16, ಅಂದರೆ ಅಗಲ ಬರೇ 6 ಅಂಗುಲ. ಕೊಡಚಾದ್ರಿಗೆ ಯಾತ್ರಿಕರನ್ನು ಹತ್ತಿಸುವ ಜೀಪುಗಳನ್ನು ನಮ್ಮಲ್ಲಿ ಬಹುಮಂದಿ ಹತ್ತಿದ್ದಾರೆ. ನಾವು ಕುಳಿತ ಜೀಪುಗಳಲ್ಲಿ ರಾಕ್ಷಸ ಗಾತ್ರದ ಟಯರುಗಳನ್ನು ನಾವು ಕಾಣಲಿಲ್ಲ. ಪ್ರತಿಯೊಂದು ಕಲ್ಲನ್ನೂ ಹೆಸರಿಟ್ಟು ಬಲ್ಲ ಚಾಲಕರನ್ನು ಕಂಡೆವು.

ಟಯರಿನ ಅಳತೆಗಿಂತ ಅದರ ಹಲ್ಲಿನ ಬಗೆಯೇ ಹೆಚ್ಚು ಮುಖ್ಯವೆಂದು ನಾವು ತಿಳಿಯುತ್ತೇವೆ. ಡಾಂಬರಿಗೂ ಮಣ್ಣಿಗೂ ಒಗ್ಗುವ ಆಲ್ ಟೆರೇನ್ ಎಂಬ ಬಗೆ ನಮ್ಮವರಿಗೆ ಸಾಕು. ದೊಡ್ಡ ದೊಡ್ಡ ಹಲ್ಲುಗಳ ಮಡ್ ಟೆರೇನ್ ಕೆಸರಿನಲ್ಲಿ ಶೂರ, ಒದ್ದೆ ಡಾಂಬರಿನ ಮೇಲೆ ಹಿಡಿತ ಕಡಿಮೆ, ಸದ್ದೂ ವಿಪರೀತ. ಮುಂಬಯಿಯಿಂದ ಕೊಲ್ಲೂರಿನ ಕಡೆಗೆ ಸುಮಾರು 900 ಕಿಲೋಮೀಟರು ಓಡಬೇಕು. ಅದರಲ್ಲಿ ಕೆಸರಿನ ದಾರಿ ಎರಡು ಕಿಲೋಮೀಟರು. ಆ ಎರಡಕ್ಕಾಗಿ ಉಳಿದ 898ರಲ್ಲಿ ಅಪಾಯವನ್ನು ಕೊಂಡುಕೊಳ್ಳುವುದು ಯಾವ ವ್ಯಾಪಾರ? ಕೆಸರು ಮರಳುಗಳಲ್ಲಿ ಟಯರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ನೆಲವನ್ನು ಅಗಲವಾಗಿ ಅಪ್ಪಿಕೊಳ್ಳುತ್ತದೆ. ಇದಕ್ಕೆ ಬೇಕಾದುದು ಒಂದು ಗಾಳಿಯ ಮೀಟರು ಮತ್ತು ಮರಳಿ ತುಂಬಿಸಲು ಒಂದು ಪಂಪು. ಡಾಂಬರಿಗೆ ಬಂದ ಕೂಡಲೇ ತುಂಬಿಸತಕ್ಕದ್ದು. ಅರೆಗಾಳಿಯಲ್ಲಿ ವೇಗವಾಗಿ ಓಡಿದರೆ ಟಯರು ಕಾದು ಸಿಡಿಯುತ್ತದೆ.

ಅಷ್ಟಾದರೂ ಬದಲಾಯಿಸಲೇಬೇಕೆನ್ನುವ ಜಿಮ್ನಿಯವರಿಗೆ ನಮ್ಮ ಕ್ರಮ ಹೀಗೆ. ಮೊದಲನೆಯದು, ಮೂಲ ಅಳತೆಯಲ್ಲಿಯೇ ಆಲ್ ಟೆರೇನ್ ಟಯರು. ಎರಡನೆಯದು, ಲಿಫ್ಟಿಲ್ಲದೆ 215/75 R 15. ಮೂರನೆಯದು, 235/75 R 15. ಇದಕ್ಕೆ ತಿರುವಿನಲ್ಲಿ ಉಜ್ಜುವ ಸಂಭವವಿರುವುದರಿಂದ ಒಂದೂವರೆಯಿಂದ ಎರಡು ಅಂಗುಲದ ಲಿಫ್ಟಿನ ಮಾತು ಬರುತ್ತದೆ. ಅದಕ್ಕಿಂತ ಮುಂದಿನದು ಸಂಬಳದಲ್ಲಿ ಬದುಕುವವರ ಮಾರ್ಗವಲ್ಲ. ಯಾವುದನ್ನು ಹಾಕಿದರೂ ಐದು ಟಯರುಗಳ ಬೆಲೆಯನ್ನು ಎಣಿಸಬೇಕು, ನಾಲ್ಕರದಲ್ಲ. ಬಿಡಿ ಚಕ್ರ ಬೇರೆ ಅಳತೆಯದಾದರೆ ನಾಲ್ಕು ಚಕ್ರಗಳ ಎಳೆತ ಹಾಕಿದಾಗ ಗಿಯರುಗಳು ಒಂದರೊಡನೊಂದು ಜಗಳಾಡಿ ಕೆಡುತ್ತವೆ. ಹಳೆಯ ಟಯರು ಕೊಳ್ಳುವವರು ಮಗ್ಗುಲಲ್ಲಿರುವ ನಾಲ್ಕು ಅಂಕೆಗಳನ್ನು ಓದಬೇಕು. 2321 ಎಂದಿದ್ದರೆ ಅದು 2021ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ಹಲ್ಲು ಹೊಸದಾಗಿ ಕಂಡರೂ ರಬ್ಬರು ಮುದಿಯಾಗಿರಬಹುದು.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಹೇಳಿದುದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲಿಕನಿಗೆ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಗ್ಯಾರೇಜಿನವನು “ಎಲ್ಲರೂ ಮಾಡಿಸುತ್ತಾರೆ” ಎನ್ನುತ್ತಾನೆ. ದಂಡ ತೆರುವಾಗ ಅವನು ಜತೆಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡ ಭಯ ವಿಮೆಯದು. ಅಪಘಾತವಾದಾಗ, ತಿಳಿಸದೆ ಮಾಡಿಸಿದ ಮಾರ್ಪಾಡನ್ನು ಮುಂದಿಟ್ಟು ಪರಿಹಾರವನ್ನು ತಡೆಯಲು ವಿಮೆಯವರಿಗೆ ದಾರಿಯಾಗುತ್ತದೆ. ಸಾಲದ ಕಂತು ಇನ್ನೂ ಉಳಿದಿರುವ ಗುಮಾಸ್ತನ ಗತಿ ಆಗ ಏನಾಗಬೇಕು? ಆದುದರಿಂದ ತಯಾರಕರು ಒಪ್ಪಿದ ಅಳತೆಗಳನ್ನು ಮೀರುವ ಮುನ್ನ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಬರವಣಿಗೆಯಲ್ಲಿ ಕೇಳಿಕೊಳ್ಳತಕ್ಕದ್ದು.

ಹವ್ಯಾಸಕ್ಕಾಗಿ ಬೆಟ್ಟ ಹತ್ತುವ ತರುಣರು ನಮ್ಮ ಮಾತಿಗೆ ನಗಬಹುದು. ಹವ್ಯಾಸಕ್ಕೆ ನಾವು ವಿರೋಧಿಗಳಲ್ಲ. ಕಲ್ಲುಬಂಡೆಗಳ ಮೇಲೆ ಗಾಡಿ ಹತ್ತಿಸುವುದೂ ಒಂದು ವಿದ್ಯೆ. ಅದಕ್ಕೆ ಬೇರೆಯೇ ಗಾಡಿಯನ್ನು ಇಟ್ಟುಕೊಳ್ಳುವ ಅನುಕೂಲವಿದ್ದವರು ಕಾನೂನಿನೊಳಗೆ ಇಟ್ಟುಕೊಳ್ಳಲಿ. ನಾವು ಬರೆಯುತ್ತಿರುವುದು ಒಂದೇ ಗಾಡಿಯಲ್ಲಿ ತಾಯಿಯನ್ನೂ, ಅಡಿಕೆಯ ಮೂಟೆಯನ್ನೂ, ಶಾಲೆಯ ಮಕ್ಕಳನ್ನೂ ಸಾಗಿಸಬೇಕಾದವರಿಗಾಗಿ.

ಕೊನೆಯದಾಗಿ ಇನ್ನೊಂದು ಮಾತು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು ಬಯಲುಸೀಮೆಯಲ್ಲಿ 500 ಜನರಿರುವ ವಸತಿಗಳನ್ನು ಲೆಕ್ಕಕ್ಕೆ ಹಿಡಿಯಿತು. ತೋಟಕ್ಕೊಂದರಂತೆ ಚದುರಿದ ಘಟ್ಟದ ಬುಡದ ಮನೆಗಳಿಗೆ ಅಂತಹ ಎಣಿಕೆಯಲ್ಲಿ ಸ್ಥಳ ಸಿಗುವುದು ಕಷ್ಟ. ಆ ದಾರಿಗಳ ಚಿಂತೆಯನ್ನು ನಾವೇ ಹೊರಬೇಕು. ನಮ್ಮ ಒಂದೊಂದು ಊರಿನವರಿಗೂ ಮುಂಬಯಿಯಲ್ಲಿ, ಪುಣೆಯಲ್ಲಿ ಸಂಘಗಳಿವೆ. ವಾರ್ಷಿಕೋತ್ಸವಗಳು ವಿಜೃಂಭಣೆಯಿಂದ ನಡೆಯುತ್ತವೆ. ಒಂದು ಓಣಿಯ ಐದು ಮನೆಯವರು ಐದು ಗಾಡಿಗಳನ್ನು ಎತ್ತಿಸುವ ಹಣವನ್ನು ಒಟ್ಟುಗೂಡಿಸಿ, ಗ್ರಾಮಸಭೆಯಲ್ಲಿ ವಿಷಯವನ್ನು ಇಟ್ಟು, ತೋಡಿಗೊಂದು ಮೋರಿಯನ್ನು ಕಟ್ಟಿಸಿದರೆ ಗಾಡಿಯಿಲ್ಲದ ಆರನೆಯ ಮನೆಯವನೂ ದಾಟಿಯಾನು.

ನಮ್ಮ ಮಿತ್ರರ ಜಿಪ್ಸಿ ಈಗ ಮೂಲ ಅಳತೆಯ ಟಯರುಗಳ ಮೇಲೆ ನಿಂತಿದೆ, ಲಿಫ್ಟನ್ನು ತೆಗೆಸಿದ್ದಾರೆ. ಹಾಕಿಸಿದ ಹಣ ಹೋಯಿತು, ತೆಗೆಸಿದ ಹಣವೂ ಹೋಯಿತು. ಬಾಗಿಲ ಬಳಿ ತಾಯಿಗಾಗಿ ಒಂದು ಕಬ್ಬಿಣದ ಮೆಟ್ಟಿಲನ್ನು ಇಟ್ಟುಕೊಂಡಿದ್ದಾರೆ. ಕಳೆದ ಮಳೆಗಾಲದಲ್ಲಿ ಆ ವೃದ್ಧೆ ಅದರಲ್ಲಿಯೇ ಕುಳಿತು ಆಸ್ಪತ್ರೆಗೆ ಹೋಗಿ ಬಂದರು. ಗಾಡಿಯನ್ನು ಕೊಳ್ಳಲು ಹೊರಟಿರುವ ನಮ್ಮ ವಾಚಕ ಬಂಧುಗಳು ಗ್ಯಾರೇಜಿಗೆ ಹೋಗುವ ಮುನ್ನ ಒಂದು ಸಲ ಊರಿಗೆ ಹೋಗಿ ತಮ್ಮ ದಾರಿಯನ್ನು ಅಳೆದುಕೊಂಡು ಬರಬೇಕೆಂದು ನಾವು ವಿನಂತಿಸುತ್ತೇವೆ.